ವರದಿಯು ಸಭೆಗೆ ಬಂದ ಬಗೆ: ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಸೀಮೆಯ ಒಂದು ಶೋಧ

ಶಾಸನಸಭೆಯ ದಿನದ ಕಾರ್ಯಕಲಾಪ ಪಟ್ಟಿಯನ್ನು ಕೈಗೆತ್ತಿಕೊಂಡವರು ಪ್ರಶ್ನೋತ್ತರವನ್ನು ನೋಡುತ್ತಾರೆ, ವಿಧೇಯಕಗಳನ್ನು ನೋಡುತ್ತಾರೆ. ಸದನದ ಮುಂದಿಡಲಾಗುವ ಕಾಗದಪತ್ರಗಳೆಂಬ ಬಾಬನ್ನು ಮಾತ್ರ ಪತ್ರಿಕೆಯವರೂ ಓದುವುದಿಲ್ಲ, ಸದಸ್ಯರಲ್ಲಿ ಬಹುಜನರೂ ಓದುವುದಿಲ್ಲ. ಇಂಥ ನಿಗಮದ ಇಂಥ ವರ್ಷದ ವಾರ್ಷಿಕ ವರದಿ, ಇಂಥ ಮಂಡಳಿಯ ಲೆಕ್ಕಪರಿಶೋಧನೆ, ಇಂಥ ಕಾಯಿದೆಯ ಮೇರೆಗೆ ಹೊರಡಿಸಿದ ಅಧಿಸೂಚನೆ ಎಂದು ಮಂತ್ರಿಗಳು ಒಂದೇ ಉಸಿರಿಗೆ ಹೇಳಿ ಕುಳಿತುಕೊಳ್ಳುವ ಈ ಶುಷ್ಕವಿಧಿಯು, ಅಧಿಕಾರಿಯ ವರದಿ ಮೇಲಧಿಕಾರಿಗೆ ಮಾತ್ರ ಸಲ್ಲತಕ್ಕದ್ದೆಂಬ ಹಳೆಯ ಪದ್ಧತಿಯನ್ನು ಮುರಿದು ಅದನ್ನು ಪ್ರಜಾಪ್ರತಿನಿಧಿಯ ಮುಂದೆ ತಂದಿರಿಸಿದ ದೀರ್ಘ ಪ್ರಯತ್ನದ ಫಲವೆಂಬುದನ್ನು ಬೆಳಗಾವಿ ಜಿಲ್ಲೆಯ ನಾಲ್ಕು ಸ್ಥಳಗಳ ಚರಿತ್ರೆಯಿಂದ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ಆಯ್ಕೆಗೆ ಕಾರಣವುಂಟು. ಒಂದು ದಿನದ ಪ್ರಯಾಣದೊಳಗೆ ಮುಗಿಯುವ ಈ ಸೀಮೆಯಲ್ಲಿ ಅಳಿದುಹೋದ ದೇಸಗತಿ, ಬ್ರಿಟಿಷ್ ತಾಲ್ಲೂಕು, ದೇಶೀಯ ಸಂಸ್ಥಾನ ಈ ಮೂರೂ ಇದ್ದುವು. ಮೂರರಲ್ಲೂ ವರದಿ ಹೋಗುತ್ತಿದ್ದ ದಾರಿ ಬೇರೆಬೇರೆ.

ಕಿತ್ತೂರಿನಿಂದ ಆರಂಭಿಸುವುದು ಯುಕ್ತ. 1824ರ ಸೆಪ್ಟೆಂಬರಿನಲ್ಲಿ ಅಲ್ಲಿಯ ದೇಸಾಯಿ ಶಿವಲಿಂಗರುದ್ರಸರ್ಜನು ಸಂತಾನವಿಲ್ಲದೆ ತೀರಿಕೊಂಡಾಗ, ದತ್ತಕದ ವಿಷಯವನ್ನು ತಿಳಿಸುವ ಪತ್ರವು ಧಾರವಾಡದ ಕಲೆಕ್ಟರನೂ ಪೊಲಿಟಿಕಲ್ ಏಜೆಂಟನೂ ಆಗಿದ್ದ ಥ್ಯಾಕರೆಯ ಕೈಸೇರಿತು. ಪತ್ರದ ಮೇಲಿನ ಸಹಿಯನ್ನೇ ಅವನು ಸಂದೇಹಿಸಿ, ಪುಣೆಯಲ್ಲಿದ್ದ ಕಮಿಷನರ್ ಚಾಪ್ಲಿನನಿಗೆ ಆ ಮೇರೆಗೆ ವರದಿ ಮಾಡಿದನು. ಧಾರವಾಡದಲ್ಲೊಬ್ಬನು ಬರೆದುದನ್ನು ಪುಣೆಯಲ್ಲೊಬ್ಬನು ಓದಿ, ಮುಂಬಯಿಯಲ್ಲಿ ಗವರ್ನರನಾಗಿದ್ದ ಎಲ್ಫಿನ್‌ಸ್ಟನ್ನನು ನಿರ್ಣಯಿಸುವ ಈ ಕ್ರಮದಲ್ಲಿ ಕಿತ್ತೂರಿನವರ ಮಾತನ್ನು ಕೇಳಬೇಕಾದ ಒಂದು ಘಟ್ಟವೂ ಇರಲಿಲ್ಲ. ರಾಣಿ ಚೆನ್ನಮ್ಮನವರು ಬರೆಸಿದ ಪತ್ರಗಳು ಸಹ ತಮ್ಮ ವಿರುದ್ಧ ವರದಿ ಮಾಡಿದವರ ಮೇಜಿಗೇ ಹೋಗಿ ಬೀಳತಕ್ಕವಾಗಿದ್ದುವು. ಅಕ್ಟೋಬರ್ 23ರಂದು ಥ್ಯಾಕರೆ ಕಿತ್ತೂರಿನ ಕೋಟೆಯ ಮುಂದೆ ಹತನಾದುದನ್ನೂ, ಡಿಸೆಂಬರಿನಲ್ಲಿ ಕೋಟೆ ಬಿದ್ದುದನ್ನೂ, ರಾಣಿಯವರು ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರುವರಿಯಲ್ಲಿ ದೇಹವಿಟ್ಟುದನ್ನೂ ಇಲ್ಲಿಯ ಮಕ್ಕಳೂ ಬಲ್ಲರು. ಪರಾಕ್ರಮದ ಕಥೆಯಾಗಿ ಇದನ್ನು ಹೇಳುವವರು ಬಹುಮಂದಿ. ಅದೊಂದು ಕಡತದ ಕಥೆಯೂ ಹೌದೆಂಬುದನ್ನು ಗಮನಿಸಿದವರು ವಿರಳ. 1858ರ ಮೇ ತಿಂಗಳಲ್ಲಿ ಮತ್ತೊಬ್ಬ ಪೊಲಿಟಿಕಲ್ ಏಜೆಂಟನಾದ ಮ್ಯಾನ್ಸನ್ನನು ರಾಮದುರ್ಗದಿಂದ ನರಗುಂದದತ್ತ ಹೊರಟು, ನಡುದಾರಿಯ ಸುರೇಬಾನದಲ್ಲಿ ನರಗುಂದದ ಸಂಸ್ಥಾನಿಕ ಬಾಬಾಸಾಹೇಬನ ಕಡೆಯವರಿಂದ ಹತನಾದನು. ಏಜೆಂಟನ ಲೇಖನಿಗೆ ಎದುರಾಗಿ ಮಾತಾಡಲು ಸಭೆಯೊಂದಿಲ್ಲದ ಕಾಲದಲ್ಲಿ ಜನರ ರೋಷವು ಏಜೆಂಟನ ದೇಹವನ್ನೇ ಹುಡುಕಿಕೊಂಡು ಹೋಯಿತೆಂದರೆ ಅತ್ಯುಕ್ತಿಯಾಗಲಾರದು.

ಬ್ರಿಟಿಷ್ ಜಿಲ್ಲೆಯಾದ ಮೇಲೆ ಬೈಲಹೊಂಗಲದ ಸೀಮೆಗೆ ಸಂಪಗಾಂವ ತಾಲ್ಲೂಕೆಂದೂ, ಸವದತ್ತಿಯ ಸೀಮೆಗೆ ಪರಸಗಡ ತಾಲ್ಲೂಕೆಂದೂ ದಫ್ತರದ ಹೆಸರಾಯಿತು. ಊರಿನ ಕುಲಕರ್ಣಿ, ತಾಲ್ಲೂಕಿನ ಮಾಮಲೇದಾರ, ಪ್ರಾಂತ ಸಾಹೇಬ, ಕಲೆಕ್ಟರ್, ದಕ್ಷಿಣ ವಿಭಾಗದ ಕಮಿಷನರ್, ಮುಂಬಯಿ ಸರಕಾರ, ಈ ಸೋಪಾನದಲ್ಲಿ ವರದಿ ಮೇಲೇರುತ್ತಿತ್ತು, ಹುಕುಂ ಕೆಳಗಿಳಿಯುತ್ತಿತ್ತು. ಆಣೆವಾರಿಯ ಲೆಕ್ಕವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಮಳೆ ಕೈಕೊಟ್ಟ ವರ್ಷ ಜೋಳ ಹತ್ತಿಗಳ ಬೆಳೆ ರೂಪಾಯಿಗೆ ಎಷ್ಟಾಣೆಯಂತೆ ಬಂದಿದೆಯೆಂದು ಊರಿನ ಚಾವಡಿಯಲ್ಲಿ ಅಂದಾಜು ಹಾಕಲಾಗುತ್ತಿತ್ತು. ನಾಲ್ಕಾಣೆಗಿಂತ ಕೆಳಗಿಳಿದರೆ ಆ ವರ್ಷದ ಕಂದಾಯದ ವಸೂಲಿಯನ್ನು ಪೂರ್ಣವಾಗಿ ಮುಂದೂಡುವುದು, ನಾಲ್ಕರಿಂದ ಆರಾಣೆಯೊಳಗಿದ್ದರೆ ಅರ್ಧ ಮುಂದೂಡುವುದು ಕ್ರಮವಾಗಿತ್ತು. ಆದಕಾರಣ ಕುಲಕರ್ಣಿ ಬರೆದ ಐದಾಣೆಯು ಕಚೇರಿಯಲ್ಲಿ ಏಳಾಣೆಯಾದರೆ ಊರಿಗೆ ಊರೇ ಎತ್ತು ಮಾರಿ ತೆರಿಗೆ ಕಟ್ಟಬೇಕಾಗುತ್ತಿತ್ತು. ಅಂಕಿ ಯಾರ ಕೈಯಲ್ಲಿ ಏಕೆ ಬದಲಾಯಿತೆಂದು ಒಕ್ಕಲಿಗನು ಅರ್ಜಿ ಬರೆಯಬಹುದಾಗಿತ್ತೇ ಹೊರತು ಉತ್ತರ ಪಡೆಯುವ ಹಕ್ಕು ಅವನಿಗಿರಲಿಲ್ಲ.

ಆ ಹಕ್ಕು ಬಂದುದು ಮುಂಬಯಿಯ ಶಾಸನಸಭೆಯ ಮೂಲಕ, ಅದೂ ತೊಟ್ಟುತೊಟ್ಟಾಗಿ. 1861ರ ಕಾಯಿದೆಯಂತೆ 1862ರ ಜನವರಿಯಲ್ಲಿ ಮೊದಲು ಕೂಡಿದ ಆ ಸಭೆಗೆ ಶಾಸನವನ್ನು ರಚಿಸುವುದರ ಹೊರತು ಬೇರೆ ಮಾತೇ ನಿಷಿದ್ಧವಾಗಿದ್ದಿತು. 1892ರ ಕಾಯಿದೆಯು ಪ್ರಶ್ನೆ ಕೇಳುವುದಕ್ಕೂ ಆಯವ್ಯಯವನ್ನು ಚರ್ಚಿಸುವುದಕ್ಕೂ ಅನುಮತಿಯಿತ್ತಿತು. ಉತ್ತರವು ಅಸಮರ್ಪಕವಾಗಿದ್ದರೆ ಮರುಪ್ರಶ್ನೆ ಹಾಕುವ ಅವಕಾಶ 1909ರ ಸುಧಾರಣೆಯ ವರೆಗೂ ದೊರೆಯಲಿಲ್ಲ. 1919ರ ಸುಧಾರಣೆಯ ತರುವಾಯ ಚುನಾಯಿತ ಸದಸ್ಯರ ಬಹುಮತವೂ, ಸರಕಾರದ ಖರ್ಚಿನ ಲೆಕ್ಕವನ್ನು ಪರೀಕ್ಷಿಸುವ ಸಮಿತಿಯೂ ಬಂದುವು. ಮಾಮಲೇದಾರನ ದಫ್ತರದಲ್ಲಿದ್ದ ಅಂಕಿಯನ್ನು ಈಗ ಸಭೆಯಲ್ಲಿ ಕೇಳಬಹುದಾಯಿತು, ಕೇಳಿದುದು ಅಚ್ಚಾಗತೊಡಗಿತು. ಅಚ್ಚಾದುದು ಇಂಗ್ಲಿಷಿನಲ್ಲಿಯೆಂಬುದನ್ನು ಮರೆಯಲಾಗದು: 1935ರ ಕಾಯಿದೆಯೂ ಇಂಗ್ಲಿಷ್ ಬಾರದವನಿಗೆ ಮಾತ್ರ ಬೇರೆ ಭಾಷೆಯ ವಿನಾಯಿತಿಯನ್ನು ಕೊಟ್ಟಿತು.

ಇದೇ ಕಾಲದಲ್ಲಿ ಪರಸಗಡದ ಗಡಿಯಾಚೆ ರಾಮದುರ್ಗದಲ್ಲಿ ಇದಾವುದೂ ಸಲ್ಲುತ್ತಿರಲಿಲ್ಲ. 169 ಚದರ ಮೈಲಿಯ ಆ ಸಂಸ್ಥಾನವು ಭಾವೆ ಮನೆತನದ ಆಳಿಕೆಯಲ್ಲಿದ್ದು, ಅದರ ವರದಿಯು ಬ್ರಿಟಿಷ್ ಏಜೆನ್ಸಿಗೆ ಸಲ್ಲುತ್ತಿತ್ತು. ಅಷ್ಟೇ ಅಲ್ಲ, 1935ರ ಕಾಯಿದೆಯ 84ನೆಯ ಕಲಮು, ದೇಶೀಯ ಸಂಸ್ಥಾನಕ್ಕೆ ಸಂಬಂಧಿಸಿದ ಯಾವ ವಿಷಯವನ್ನೂ ಗವರ್ನರನ ಒಪ್ಪಿಗೆಯಿಲ್ಲದೆ ಪ್ರಾಂತೀಯ ಶಾಸನಸಭೆಯಲ್ಲಿ ಚರ್ಚಿಸದಂತೆ, ಅದರ ಬಗ್ಗೆ ಪ್ರಶ್ನೆಯನ್ನೂ ಕೇಳದಂತೆ ನಿಯಮ ಮಾಡಲು ಆಸ್ಪದವಿತ್ತಿತು. ಹೀಗಾಗಿ ಸವದತ್ತಿಯ ರೈತನ ಕಂದಾಯದ ಮಾತು ಮುಂಬಯಿಯಲ್ಲಿ ಏಳಬಹುದಾಗಿದ್ದಾಗ, ಹೊಲದ ಬದುವಿನಾಚೆ ಉಳುತ್ತಿದ್ದ ರಾಮದುರ್ಗದ ರೈತನ ಮಾತು ಏಳುವಂತಿರಲಿಲ್ಲ. ತೆರಿಗೆಯ ಭಾರವನ್ನು ಇಳಿಸಬೇಕೆಂದು ಅಲ್ಲಿಯ ಪ್ರಜಾಸಂಘವು ಹೂಡಿದ ಚಳವಳಿ, ಮುಖಂಡರ ಬಂಧನ, 1939ರ ಏಪ್ರಿಲ್ 7ರಂದು ಜನರು ಸೆರೆಮನೆಗೆ ನುಗ್ಗಿದುದು, ಪೊಲೀಸರು ಹತರಾದುದು, ಗಾಂಧೀಜಿಯವರು ‘ಹರಿಜನ’ ಪತ್ರಿಕೆಯಲ್ಲಿ ಆ ಹಿಂಸೆಯನ್ನು ಖಂಡಿಸಿದುದು, ಇವೆಲ್ಲ ವಿದಿತವಾದ ಸಂಗತಿಗಳು. ಹಿಂಸೆಯನ್ನು ನಾನು ಸಮರ್ಥಿಸುವವನಲ್ಲ. ಆದರೆ ದುರಂತದ ಕಾರಣಗಳನ್ನು ಎಣಿಸುವಾಗ 84ನೆಯ ಕಲಮನ್ನು ಬಿಟ್ಟುಬಿಡುವ ಇತಿಹಾಸಕಾರನು ಅರ್ಧ ಕಥೆಯನ್ನಷ್ಟೇ ಹೇಳುತ್ತಾನೆ. 1948ರ ಮಾರ್ಚ್ 8ರಂದು ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾದಾಗ ಈ ನಿಷೇಧವೂ ಅಳಿಯಿತು.

ಹಳೆಯ ಮೈಸೂರಿನಲ್ಲಿ ಇನ್ನೊಂದು ಸಂಪ್ರದಾಯವಿದ್ದಿತು. 1881ರ ಅಕ್ಟೋಬರಿನಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೊದಲು ನೆರೆದ ಪ್ರಜಾಪ್ರತಿನಿಧಿ ಸಭೆಯ ಮುಂದೆ ದಿವಾನರೇ ರಾಜ್ಯದ ವರ್ಷದ ಆಡಳಿತವನ್ನು ನಿರೂಪಿಸುತ್ತಿದ್ದರು. ಮತ ಹಾಕುವ ಅಧಿಕಾರವಿಲ್ಲದ ಸಭೆ ಅದು. ಆದರೂ ವರದಿ ಜನರೆದುರು ಓದಲ್ಪಡತಕ್ಕದ್ದೆಂಬ ಭಾವನೆ ಅಲ್ಲಿ ಮೊದಲೇ ಬೇರೂರಿತ್ತು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿ, ಡಿಸೆಂಬರ್ 19ರಂದು ಹೊಸ ವಿಧಾನಸೌಧದಲ್ಲಿ ಸಭೆ ಕೂಡಿದಾಗ ಈ ಎರಡು ಸಂಪ್ರದಾಯಗಳೂ ಒಂದೇ ಛಾವಣಿಯ ಕೆಳಗೆ ಬಂದುವು; ಮುಂಬಯಿ ವಿಧಾನಸಭೆಯಲ್ಲಿ ಉಪಸಭಾಧ್ಯಕ್ಷರಾಗಿದ್ದ ಎಸ್. ಆರ್. ಕಂಠಿಯವರೇ ಇಲ್ಲಿ ಸಭಾಧ್ಯಕ್ಷರಾದರು. ಕೆಳಗಿನ ದಫ್ತರ ಒಂದಾಗಲು ಇನ್ನೂ ಕಾಲ ಹಿಡಿಯಿತು: 1961ರ ಕಾಯಿದೆಯಿಂದ ವಂಶಪಾರಂಪರ್ಯದ ಕುಲಕರ್ಣಿಕೆ ರದ್ದಾಗಿ ಗ್ರಾಮಲೆಕ್ಕಿಗರು ಬಂದರು, 1964ರಲ್ಲಿ ಏಕರೂಪದ ಭೂಕಂದಾಯ ಕಾಯಿದೆ ಜಾರಿಯಾಯಿತು. ಮುಂಬಯಿ ಕಾಲದ ದಫ್ತರದ ಮಾತು ಮಾತ್ರ ಉಳಿದಿದೆ: ಹೊಲದ ದಾಖಲೆಗೆಂದು ಇಲ್ಲಿಯ ರೈತನು ಇಂದಿಗೂ ಕೇಳುವುದು ಪಹಣಿಯನ್ನಲ್ಲ, ಉತಾರವನ್ನು.

ಸಂವಿಧಾನವು ಮಹಾಲೇಖಪಾಲರ ವರದಿಯನ್ನು 151ನೆಯ ಅನುಚ್ಛೇದದಿಂದಲೂ, ಲೋಕಸೇವಾ ಆಯೋಗದ ವರದಿಯನ್ನು 323ರಿಂದಲೂ, ಕಂಪನಿ ಕಾಯಿದೆಯು ಸರಕಾರಿ ಕಂಪನಿಗಳ ವಾರ್ಷಿಕ ವರದಿಯನ್ನೂ ಸದನದ ಮುಂದಿಡುವುದನ್ನು ಕಡ್ಡಾಯ ಮಾಡಿದುವು. ಕಡ್ಡಾಯವಾದ ಮಾತ್ರಕ್ಕೆ ವರದಿ ಸತ್ಯವನ್ನು ಹಿಡಿಯಿತೆಂದು ಹೇಳಬರುವುದಿಲ್ಲವೆಂಬುದಕ್ಕೆ ಸವದತ್ತಿಯ ಗುಡ್ಡವೇ ಸಾಕ್ಷಿ. ಯಲ್ಲಮ್ಮನ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿಸುವ ಪದ್ಧತಿಯನ್ನು ತಡೆಯಲು ಮುಂಬಯಿ ಶಾಸನಸಭೆಯು 1934ರಲ್ಲಿ ದೇವದಾಸಿ ಸಂರಕ್ಷಣ ಕಾಯಿದೆಯನ್ನು ಮಾಡಿತು. ಕರ್ನಾಟಕದ ವಿಧಾನಮಂಡಲವು 1982ರಲ್ಲಿ ಸಮರ್ಪಣೆಯನ್ನು ನಿಷೇಧಿಸುವ ಮತ್ತೊಂದು ಕಾಯಿದೆಯನ್ನು ಅಂಗೀಕರಿಸಿತು. ಹೀಗೆ ಅರ್ಧ ಶತಮಾನದ ಅಂತರದಲ್ಲಿ ಎರಡು ಕಾಯಿದೆಗಳು ಬಂದುವಾದರೂ, ಇಂಥ ಹೆಣ್ಣುಮಕ್ಕಳು ಎಷ್ಟು ಮಂದಿಯೆಂಬ ಲೆಕ್ಕ ಸುಲಭವಾಗಿ ದೊರೆಯಲಿಲ್ಲ. ಪೊಲೀಸರ ಲೆಕ್ಕವು ಠಾಣೆಗೆ ಬಂದ ದೂರನ್ನು ಎಣಿಸಬಲ್ಲುದಲ್ಲದೆ ಭಾರತಹುಣ್ಣಿಮೆಯ ಜಾತ್ರೆಯ ಗದ್ದಲದಲ್ಲೋ ಮನೆಯ ಕತ್ತಲಕೋಣೆಯಲ್ಲೋ ಕಟ್ಟಿದ ಮುತ್ತನ್ನು ಎಣಿಸಲಾರದು. 1987ರಲ್ಲಿ ಸ್ಥಾಪಿತವಾದ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಮೂಲಕ 1993-94ರಲ್ಲಿ ನಡೆದ ಸಮೀಕ್ಷೆಯು ರಾಜ್ಯದಲ್ಲಿ 22,873 ಮಂದಿಯನ್ನು ಗುರುತಿಸಿತು. 2007-08ರ ಎರಡನೆಯ ಸಮೀಕ್ಷೆಯಲ್ಲಿ ಇನ್ನೂ 23,787 ಮಂದಿಯ ಹೆಸರು ಸೇರಿ ಒಟ್ಟು 46,660 ಆಯಿತು. ಅಂದರೆ ಮೊದಲು ಪಟ್ಟಿಯಲ್ಲಿದ್ದವರಿಗಿಂತ ಹೆಚ್ಚು ಮಂದಿ ತರುವಾಯ ಬಂದು ಸೇರಿದರು. ಹಾಗಿದ್ದಮೇಲೆ ಆ ನಡುವಣ ವರ್ಷಗಳಲ್ಲಿ ಮೊದಲ ಸಂಖ್ಯೆಯನ್ನೇ ನಂಬಿ ಹಾಕಿದ ಯಾವ ಯೋಜನೆಯೂ ಅರ್ಧದಷ್ಟು ಹೆಂಗಸರನ್ನು ಕಾಣದೆ ಹಾಕಿದುದೇ ಸರಿ.

ವರದಿ ಸತ್ಯವನ್ನು ಹಿಡಿಯದ ಮತ್ತೊಂದು ನಿದರ್ಶನವಾದ ಮಲಪ್ರಭಾ ನದಿಯ ನೀರಾವರಿಯ ಕಥೆ ಇದಕ್ಕಿಂತ ಪರಿಚಿತವಾದುದರಿಂದ ಸಂಕ್ಷೇಪಿಸುತ್ತೇನೆ. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಅಣೆಕಟ್ಟು ನಿಂತಿತು. ಕಾಲುವೆಯ ನೀರು ಸರಿಯಾಗಿ ಹರಿಯುವ ಮೊದಲೇ ಅಭಿವೃದ್ಧಿ ಕರದ ನೋಟೀಸುಗಳು ಹರಿದುಬಂದುವೆಂಬುದು ರೈತರ ದೂರಾಗಿತ್ತು. ನೀರಾವರಿಯಾಗಿದೆಯೆಂದು ಇಲಾಖೆಯ ವಹಿ, ಆಗಿಲ್ಲವೆಂದು ಹೊಲ. ಈ ವ್ಯತ್ಯಾಸವು 1980ರ ಜುಲೈ 21ರಂದು ನರಗುಂದದಲ್ಲಿ ಗೋಲಿಬಾರಿನಲ್ಲಿ ಪರ್ಯವಸಾನವಾಯಿತು.

ಇತ್ತೀಚೆಗೆ ಈ ಸೀಮೆಗೆ ತನ್ನದೇ ಆದ ಶಾಸನಬದ್ಧ ಸಂಸ್ಥೆಯೂ ಬಂದಿದೆ. 2011ರ ಕಾಯಿದೆಯಿಂದ ಕಿತ್ತೂರು ಅಭಿವೃದ್ಧಿ ಪ್ರಾಧಿಕಾರ ರೂಪುಗೊಂಡಿತು. 2012ರಲ್ಲಿ ಸುವರ್ಣ ವಿಧಾನಸೌಧವು ಬೆಳಗಾವಿಯಲ್ಲೇ ಉದ್ಘಾಟನೆಯಾದುದರಿಂದ ಸದನವು ಈ ಊರುಗಳ ಬಾಗಿಲಿಗೇ ಬಂದಂತಾಗಿದೆ. ಆದಕಾರಣ ಮುಂಬಯಿ ಮತ್ತು ಬೆಂಗಳೂರು, ಈ ಎರಡೂ ಸದನಗಳ ನಡವಳಿಗಳಿಂದ ಸಂಪಗಾಂವ, ಪರಸಗಡ, ಕಿತ್ತೂರು, ರಾಮದುರ್ಗಗಳಿಗೆ ಸಂಬಂಧಿಸಿದ ಪ್ರಶ್ನೋತ್ತರಗಳನ್ನೂ ವರದಿಗಳನ್ನೂ ಆಯ್ದು, ಕನ್ನಡಕ್ಕೆ ತಂದು, ತಾಲ್ಲೂಕುವಾರು ಅಚ್ಚುಹಾಕಿಸುವ ಕಾರ್ಯವನ್ನು ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವು ಕೈಗೊಳ್ಳಬೇಕೆಂದು, ಅದಕ್ಕೆ ತಗಲುವ ವೆಚ್ಚವನ್ನು ವಿಧಾನಮಂಡಲದ ಸಚಿವಾಲಯವು ವಹಿಸಿಕೊಳ್ಳಬೇಕೆಂದು ಈ ಮೂಲಕ ಬಿನ್ನವಿಸುತ್ತೇನೆ.