ಸ್ನ್ಯಾಪ್‌ಶಾಟ್ ಸೆರೆಂಗೆಟಿ

ಟಾಂಜಾನಿಯಾದ ಸೆರೆಂಗೆಟಿ ರಾಷ್ಟ್ರೀಯ ಉದ್ಯಾನದಲ್ಲಿ ಸ್ವಯಂಚಾಲಿತ ಕ್ಯಾಮೆರಾಗಳು ಸೆರೆಹಿಡಿದ ಪ್ರಾಣಿಗಳ ಚಿತ್ರಗಳನ್ನು ಜನಸಾಮಾನ್ಯರಿಂದಲೇ ಗುರುತು ಹಿಡಿಸಿದ ನಾಗರಿಕ ವಿಜ್ಞಾನ ಯೋಜನೆ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಸಿಂಹ ಸಂಶೋಧನಾ ತಂಡದಲ್ಲಿ ಹುಟ್ಟಿದ ಇದು 2012ರ ಡಿಸೆಂಬರಿನಲ್ಲಿ ಜೂನಿವರ್ಸ್ ಎಂಬ ಅಂತರಜಾಲ ವೇದಿಕೆಯ ಮೂಲಕ ಸಾರ್ವಜನಿಕರಿಗೆ ತೆರೆದುಕೊಂಡಿತು.

ಪ್ರಾಣಿಯ ಚಿತ್ರವನ್ನು ಪ್ರಾಣಿಯಿಂದಲೇ ತೆಗೆಸುವ ಉಪಾಯ ಬಹಳ ಹಳೆಯದು. ಅಮೆರಿಕದ ಜಾರ್ಜ್ ಶೈರಸ್ ಇರುಳಿನಲ್ಲಿ ತೆಗೆದ ಚಿತ್ರಗಳು 1906ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯಲ್ಲಿ ಅಚ್ಚಾದವು. 1920ರ ದಶಕದಲ್ಲಿ ಅರಣ್ಯಾಧಿಕಾರಿ ಎಫ್. ಡಬ್ಲ್ಯೂ. ಚಾಂಪಿಯನ್ ಹಿಮಾಲಯದ ತಪ್ಪಲಿನ ಕಾಡುದಾರಿಗಳಿಗೆ ತಂತಿ ಕಟ್ಟಿ ಹುಲಿಗಳ ಚಿತ್ರ ಪಡೆದರು. ಅದನ್ನು ಲೆಕ್ಕಾಚಾರದ ಸಾಧನವಾಗಿ ಮಾಡಿದವರಲ್ಲಿ ಕನ್ನಡಿಗರಾದ ಕೆ. ಉಲ್ಲಾಸ ಕಾರಂತರು ಮುಖ್ಯರು: 1990ರ ದಶಕದಲ್ಲಿ ನಾಗರಹೊಳೆಯ ಹುಲಿಗಳನ್ನು ಮೈಮೇಲಿನ ಪಟ್ಟೆಗಳಿಂದ ಒಂದೊಂದಾಗಿ ಗುರುತಿಸಿ, ಸಂಖ್ಯಾಶಾಸ್ತ್ರದ ನೆರವಿನಿಂದ ಅವುಗಳ ಸಂಖ್ಯೆಯನ್ನು ಅಂದಾಜು ಮಾಡಿದರು. ಫಿಲ್ಮ್ ಸುರುಳಿಯ ಕಾಲದಲ್ಲಿ ಚಿತ್ರಗಳು ಕಡಿಮೆ. ಸಂಶೋಧಕರೇ ಕುಳಿತು ನೋಡಿ ಮುಗಿಸಬಹುದಿತ್ತು. ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಅದು ಆಗದ ಮಾತಾಯಿತು.

ಸೆರೆಂಗೆಟಿಯಲ್ಲಿ ಸಿಂಹ, ಕತ್ತೆಕಿರುಬ, ಚೀತಾಗಳು ಒಂದೇ ಬಯಲಿನಲ್ಲಿ ಹೇಗೆ ಬಾಳುತ್ತವೆ ಎಂಬ ಪ್ರಶ್ನೆ ಹಿಡಿದು ಮಿನ್ನೆಸೋಟ ತಂಡದ ಸಂಶೋಧಕಿ ಅಲೆಕ್ಸಾಂಡ್ರಾ ಸ್ವಾನ್ಸನ್ 2010ರಲ್ಲಿ ಕ್ಯಾಮೆರಾ ಜಾಲ ಹಾಕಿದರು. 1,125 ಚದರ ಕಿ.ಮೀ. ಪ್ರದೇಶವನ್ನು ಐದೈದು ಚದರ ಕಿ.ಮೀ. ಚೌಕಗಳಾಗಿ ವಿಂಗಡಿಸಿ, ಚೌಕಕ್ಕೊಂದರಂತೆ 225 ಕ್ಯಾಮೆರಾ. ಬಿಸಿ ಮೈಯ ಚಲನೆಗೆ ಕ್ಲಿಕ್ಕಿಸಬೇಕಾದ ಅವು ಬಿಸಿಲಲ್ಲಿ ಅಲುಗುವ ಹುಲ್ಲಿಗೂ ಕ್ಲಿಕ್ಕಿಸಿದವು. ಮೂರು ವರ್ಷಗಳ ಸುಮಾರು 12 ಲಕ್ಷ ಚಿತ್ರಗುಚ್ಛಗಳಲ್ಲಿ (ಒಂದೇ ಸಲಕ್ಕೆ ಸಾಲಾಗಿ ತೆಗೆದ ಚಿತ್ರಗಳ ಗುಂಪು) ಪ್ರಾಣಿ ಇದ್ದದ್ದು 3,22,653ರಲ್ಲಿ ಮಾತ್ರ. ಉಳಿದದ್ದು ಬರೀ ಹುಲ್ಲು.

ಈ ರಾಶಿಯನ್ನು ಸಾರ್ವಜನಿಕರ ಮುಂದಿಡುವ ಮಾದರಿ ಬಂದದ್ದು ಖಗೋಳಶಾಸ್ತ್ರದಿಂದ. 2007ರ ಗ್ಯಾಲಕ್ಸಿ ಜೂ ಯೋಜನೆಯಲ್ಲಿ ಆಸಕ್ತರು ಗ್ಯಾಲಕ್ಸಿಗಳನ್ನು ಆಕಾರಕ್ಕನುಗುಣವಾಗಿ ವಿಂಗಡಿಸಿದ್ದರು. ಜೂನಿವರ್ಸ್ ಬೆಳೆದದ್ದೇ ಅದರಿಂದ. ಸೆರೆಂಗೆಟಿಯ ಚಿತ್ರಗಳು ತೆರೆದುಕೊಂಡ ಮೂರೇ ದಿನಗಳಲ್ಲಿ ಹದಿನೆಂಟು ತಿಂಗಳ ಬಾಕಿ ಕೆಲಸ ಮುಗಿಯಿತು. ಒಟ್ಟು 28,000ಕ್ಕೂ ಹೆಚ್ಚು ನೋಂದಾಯಿತರು, ಹೆಸರು ನೋಂದಾಯಿಸದ ಇನ್ನೂ ಹಲವು ಸಾವಿರ ಜನ ಸೇರಿ 1.08 ಕೋಟಿ ಬಾರಿ ಉತ್ತರ ಕೊಟ್ಟರು.

ಪರದೆಯಲ್ಲಿ 'ಗೊತ್ತಿಲ್ಲ' ಎಂಬ ಗುಂಡಿಯೇ ಇರಲಿಲ್ಲ. ಇದು ಮರೆವಲ್ಲ, ಬೇಕೆಂದೇ ಬಿಟ್ಟದ್ದು. ಅನುಮಾನವಿದ್ದರೂ ಒಂದು ಹೆಸರು ಹೇಳಲೇಬೇಕು. ಒಬ್ಬರ ಊಹೆ ತಪ್ಪಿದರೂ ಹಲವರ ಊಹೆಗಳಲ್ಲಿ ಬೆಲೆಯುಳ್ಳ ಸುಳಿವಿರುತ್ತದೆ ಎಂಬುದು ಯೋಜಕರ ತರ್ಕ. ಮೊದಲ ಐವರೂ 'ಏನೂ ಇಲ್ಲ' ಎಂದರೆ ಚಿತ್ರ ಪಕ್ಕಕ್ಕೆ ಸರಿಯುತ್ತಿತ್ತು. ಹತ್ತು ಮಂದಿ ಒಂದೇ ಪ್ರಾಣಿಯ ಹೆಸರು ಹೇಳಿದರೂ ಅಷ್ಟೆ. ಒಮ್ಮತ ಮೂಡದಿದ್ದರೆ ಇಪ್ಪತ್ತೈದು ಜನರವರೆಗೆ ಹೋಗುತ್ತಿತ್ತು. ಹೆಚ್ಚು ಮತ ಬಿದ್ದ ಹೆಸರೇ ಅಂತಿಮ. ಪರಿಣತರು ನೋಡಿದ ನಾಲ್ಕು ಸಾವಿರದಷ್ಟು ಚಿತ್ರಗಳೊಂದಿಗೆ ಹೋಲಿಸಿದಾಗ ಪ್ರಾಣಿಯ ಗುರುತು ಶೇ. 96.6ರಷ್ಟು, ಚಿತ್ರದಲ್ಲಿನ ಪ್ರಾಣಿಗಳ ಎಣಿಕೆ ಶೇ. 90ರಷ್ಟು ಸರಿಯಿತ್ತು. ಈ ಸರಾಸರಿಯನ್ನು ಎಲ್ಲ ಪ್ರಾಣಿಗಳಿಗೂ ಒಂದೇ ಸಮ ಅನ್ವಯಿಸುವಂತಿಲ್ಲ: ಜೀಬ್ರಾ, ಜಿರಾಫೆಗಳಲ್ಲಿ ತಪ್ಪು ವಿರಳ, ಅಪರೂಪದ ಪ್ರಾಣಿಗಳಲ್ಲಿ ಹೆಚ್ಚು. ಆದರೆ ಮತಗಳು ಎಷ್ಟು ಚದುರಿವೆ ಎಂಬುದೇ ಯಾವ ಚಿತ್ರವನ್ನು ಪರಿಣತರು ಮತ್ತೆ ನೋಡಬೇಕೆಂದು ತೋರಿಸಿಕೊಟ್ಟಿತು. ಯೋಜನೆಯ ನಿಜವಾದ ಕೊಡುಗೆ ಇದು ಎನ್ನಬಹುದು.

ಮೂಲ ಪ್ರಶ್ನೆಗೂ ಉತ್ತರ ಸಿಕ್ಕಿತು. ಚೀತಾಗಳು ಸಿಂಹಗಳಿರುವ ನೆಲವನ್ನೇ ಬಿಟ್ಟು ಓಡುವುದಿಲ್ಲ. ಸಿಂಹ ಹಾದುಹೋದ ಜಾಗದಿಂದ ಕೆಲವು ಗಂಟೆ ದೂರವಿರುತ್ತವೆ, ಅಷ್ಟೆ.

2015ರಲ್ಲಿ ಇಡೀ ದತ್ತಾಂಶ ಮುಕ್ತವಾಗಿ ಪ್ರಕಟವಾಯಿತು. 2018ರಲ್ಲಿ ವಯೋಮಿಂಗ್ ವಿಶ್ವವಿದ್ಯಾಲಯದ ಜೆಫ್ ಕ್ಲೂನ್ ಮತ್ತು ಸಂಗಡಿಗರು ಈ ಯೋಜನೆಯ 32 ಲಕ್ಷ ಬಿಡಿ ಚಿತ್ರಗಳಿಂದ ಕಂಪ್ಯೂಟರಿಗೆ ಪ್ರಾಣಿಗಳ ಗುರುತು ಕಲಿಸಿದರು. ಸ್ವಯಂಸೇವಕರು ಕೊಟ್ಟ ಹೆಸರುಗಳೇ ಅದರ ಪಾಠ. ಚಿತ್ರಗಳ ಶೇ. 99.3ರಷ್ಟನ್ನು ಯಂತ್ರ ಸ್ವಯಂಸೇವಕರಷ್ಟೇ ನಿಖರವಾಗಿ ಗುರುತಿಸಬಲ್ಲದೆಂದು ಅವರು ತೋರಿಸಿದರು. ಸ್ನ್ಯಾಪ್‌ಶಾಟ್ ಸಫಾರಿ ಎಂಬ ಹೆಸರಿನಲ್ಲಿ ಈ ಕ್ರಮ ಆಫ್ರಿಕಾದ ಇತರ ಅಭಯಾರಣ್ಯಗಳಿಗೂ ಹಬ್ಬಿತು.