ಸಾಲವೋ, ಬಿಡಿಸುವಿಕೆಯೋ? — ವ್ಯವಕಲನ ಬೋಧನೆಯ ಇತಿಹಾಸ

ಗಣಿತದ ಇತಿಹಾಸವನ್ನು ಬರೆಯುವವರ ದೃಷ್ಟಿಯು ಸಾಮಾನ್ಯವಾಗಿ ಶೂನ್ಯದ ಕಲ್ಪನೆ, ಗ್ರಹಗತಿ ಮೊದಲಾದ ಉನ್ನತ ವಿಷಯಗಳ ಕಡೆಗೆ ಹರಿಯುವುದು. ಏಳೆಂಟು ವರ್ಷದ ಮಗುವೊಂದು ೫೨ರಲ್ಲಿ ೨೭ನ್ನು ಕಳೆಯಲು ತೊಡಗಿ, ಎರಡರಲ್ಲಿ ಏಳು ಹೋಗದೆ ತಡೆದು ನಿಲ್ಲುವ ಕ್ಷಣಕ್ಕೂ ಒಂದು ಇತಿಹಾಸವುಂಟೆಂಬುದನ್ನು ನಾವು ಮರೆಯುತ್ತೇವೆ. ‘ಪಕ್ಕದ ಮನೆಯಿಂದ ಒಂದು ಸಾಲ ತೆಗೆದುಕೋ’ ಎಂದು ಆಗ ಆ ಮಗುವಿಗೆ ಹೇಳುವುದು ವಾಡಿಕೆ. ಈ ಸಾಲವೆಂಬ ಮಾತು ಎಷ್ಟರಮಟ್ಟಿಗೆ ಯುಕ್ತವೆಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ನಮ್ಮ ನಾಡಿನ ಗಣಿತಜ್ಞರಲ್ಲಿ ಅಗ್ರಗಣ್ಯನಾದ ಮಹಾವೀರಾಚಾರ್ಯನು ೯ನೆಯ ಶತಮಾನದಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಅದರಲ್ಲಿ ಎಂಟು ಪರಿಕರ್ಮಗಳು ಗುಣಾಕಾರದಿಂದಲೇ ಆರಂಭವಾಗುತ್ತವೆ. ಅಲ್ಲಿ ಬರುವ ‘ಸಂಕಲಿತ’, ‘ವ್ಯುತ್ಕಲಿತ’ಗಳು ಶ್ರೇಢಿಗಳಿಗೆ ಸಂಬಂಧಿಸಿದವೇ ಹೊರತು ಸಾಮಾನ್ಯವಾದ ಕೂಡುವ ಕಳೆಯುವ ಕ್ರಿಯೆಗಳಲ್ಲ. ಆ ಎರಡು ಕ್ರಿಯೆಗಳನ್ನು ಓದುಗನು ಮೊದಲೇ ಬಲ್ಲನೆಂದು ಆಚಾರ್ಯನು ಭಾವಿಸಿದಂತೆ ತೋರುವುದು. ಮಕ್ಕಳು ಕಲಿಯುವ ಪಾಠವು ಗುರುವಿನ ಬಾಯಲ್ಲಿದ್ದಿತು, ಗ್ರಂಥವನ್ನೇರಲಿಲ್ಲ.

ಗ್ರಂಥವನ್ನೇರಿದ ಒಂದು ಪ್ರಸಿದ್ಧ ಉದಾಹರಣೆಯೆಂದರೆ ೧೧೫೦ರ ಸುಮಾರಿಗೆ ರಚಿತವಾದ ಭಾಸ್ಕರಾಚಾರ್ಯನ ‘ಲೀಲಾವತಿ’ಯದು. ೨, ೫, ೩೨, ೧೯೩, ೧೮, ೧೦, ೧೦೦ ಇವುಗಳನ್ನು ಕೂಡಿ, ಬಂದ ೩೬೦ನ್ನು ೧೦,೦೦೦ದಲ್ಲಿ ಕಳೆಯಬೇಕೆಂದು ಅಲ್ಲಿ ಬಾಲೆಗೆ ಪ್ರಶ್ನೆ. ಇದು ಸುಲಭದ ಲೆಕ್ಕವಲ್ಲ. ಮೇಲಿನ ಸಂಖ್ಯೆಯಲ್ಲಿ ಒಂದರ ಬಲಕ್ಕೆ ನಾಲ್ಕು ಸೊನ್ನೆಗಳಿವೆ. ಪಕ್ಕದ ಸ್ಥಾನವೂ ಬರಿದು, ಅದರ ಪಕ್ಕದ್ದೂ ಬರಿದು. ಇಂದಿನ ಪಾಠಪುಸ್ತಕಗಳು ಕೊನೆಗೆ ಮುಂದೂಡುವ ತೊಡಕನ್ನು ಆಚಾರ್ಯನು ಮೊದಲಿಗೇ ಇಟ್ಟಿದ್ದಾನೆ.

೧೬ನೆಯ ಶತಮಾನದ ವ್ಯಾಖ್ಯಾನಕಾರ ಸೂರ್ಯದಾಸನು ಇಂಥ ವ್ಯವಕಲನವನ್ನು ವಿವರಿಸುವಾಗ ಕ್ರಮವನ್ನಷ್ಟೇ ಹೇಳಿ ಸುಮ್ಮನಾಗುವುದಿಲ್ಲ. ಸೊನ್ನೆಯಲ್ಲಿ ಆರು ಹೋಗದು. ಆದುದರಿಂದ ಹತ್ತನ್ನು ತೆಗೆದುಕೊಂಡು ಆರನ್ನು ಕಳೆದು ನಾಲ್ಕನ್ನು ಇಡಬೇಕು. ಆ ಹತ್ತನ್ನು ಮುಂದಿನ ಸ್ಥಾನದಿಂದ ಕಳೆಯಬೇಕು ಎಂಬುದು ಅವನ ವಿವರಣೆಯ ಭಾವ. ಹೀಗೇಕೆ? ಸ್ಥಾನಗಳು ಒಂದಕ್ಕಿಂತ ಒಂದು ಹತ್ತುಮಡಿಯಾಗಿರುವುದರಿಂದ ಎಂದು ಅವನು ಕಾರಣವನ್ನೂ ಕೊಡುತ್ತಾನೆ. ವಿಧಿಯೊಡನೆ ಹೇತುವನ್ನು ಹೇಳುವ ಈ ಪದ್ಧತಿಯು ಗಮನಾರ್ಹವಾದುದು.

ಅಂದಿನ ಗಣಕನು ಧೂಳು ಹರಡಿದ ಪಾಟಿಯ ಮೇಲೆ ಲೆಕ್ಕ ಮಾಡುತ್ತಿದ್ದನು. ‘ಪಾಟೀಗಣಿತ’ವೆಂಬ ಹೆಸರೇ ಇದಕ್ಕೆ ಸಾಕ್ಷಿ. ನಮ್ಮ ಐಗಳ ಮಠಗಳಲ್ಲಿಯೂ ಮಕ್ಕಳು ಮರಳಿನಲ್ಲಿ ಬೆರಳಾಡಿಸಿ ಅಕ್ಷರ, ಅಂಕಿಗಳನ್ನು ತಿದ್ದುತ್ತಿದ್ದರು. ಧೂಳಿನಲ್ಲಿ ಐದನ್ನು ಅಳಿಸಿ ನಾಲ್ಕೆಂದು ಬರೆಯುವುದು ಸುಲಭ. ಮಸಿಯಲ್ಲಿ ಬರೆದುದನ್ನು ಹಾಗೆ ಅಳಿಸುವಂತಿಲ್ಲ. ಮೇಲಿನ ಅಂಕಿಯನ್ನು ಮುಟ್ಟದ ಇನ್ನೊಂದು ಕ್ರಮಕ್ಕೆ ಕಾಗದವು ಹೆಚ್ಚು ಅನುಕೂಲವಾಯಿತೆಂದು ಊಹಿಸಬಹುದು. ೫೨ರ ಎರಡಕ್ಕೆ ಹತ್ತನ್ನು ಸೇರಿಸಿ ಹನ್ನೆರಡು ಮಾಡುವುದು; ಪ್ರತಿಯಾಗಿ ಕೆಳಗಿನ ೨೭ರ ಎರಡನ್ನು ಮೂರು ಮಾಡುವುದು. ಎರಡು ಸಂಖ್ಯೆಗಳಿಗೂ ಹತ್ತನ್ನೇ ಕೂಡಿದುದರಿಂದ ಅಂತರವು ಬದಲಾಗದು, ಉತ್ತರ ೨೫. ಇಂಗ್ಲೆಂಡಿನ ಶಾಲೆಗಳಲ್ಲಿ ಈ ಸಮಸಂಕಲನ ಕ್ರಮವು ೨೦ನೆಯ ಶತಮಾನದ ಮಧ್ಯದವರೆಗೂ ವಿಪುಲವಾಗಿ ಬಳಕೆಯಲ್ಲಿದ್ದಿತು. ಸಾಲ ತಂದು ಹಿಂದಿರುಗಿಸುವ ಮಾತು ಹೇಗಾದರೂ ಒಪ್ಪುವುದಾದರೆ ಇದಕ್ಕೆ ಒಪ್ಪೀತು. ಅಲ್ಲಿಯೂ ಸಾಲ ಪಡೆದವನು ಮೇಲಿನವನು, ತೀರಿಸುವವನು ಕೆಳಗಿನವನು!

ಯಾವ ಕ್ರಮವು ಮೇಲೆಂಬ ವಿವಾದವನ್ನು ಅಮೆರಿಕದ ವಿಲಿಯಂ ಬ್ರೌನೆಲ್ ಮತ್ತು ಹೆರಾಲ್ಡ್ ಮೋಸರ್ ಎಂಬ ವಿದ್ವಾಂಸರು ೧೯೪೯ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪರೀಕ್ಷೆಗೊಡ್ಡಿದರು. ಮೂರನೆಯ ತರಗತಿಯ ಸುಮಾರು ೧,೪೦೦ ಮಕ್ಕಳಲ್ಲಿ ಕೆಲವರಿಗೆ ಹತ್ತನ್ನು ಒಡೆಯುವ ಕ್ರಮ, ಕೆಲವರಿಗೆ ಸಮಸಂಕಲನ. ಪ್ರತಿಯೊಂದರಲ್ಲಿಯೂ ಕೆಲವರಿಗೆ ಕಾರಣಸಹಿತವಾಗಿ, ಕೆಲವರಿಗೆ ಬರಿಯ ವಿಧಿಯಾಗಿ ಬೋಧನೆ. ಕಾರಣವನ್ನರಿತು ಹತ್ತನ್ನು ಒಡೆಯಲು ಕಲಿತವರು ಕಲಿಸದ ಹೊಸ ಲೆಕ್ಕಗಳಲ್ಲಿಯೂ ಮುಂದಾದರು. ಕಾರಣವಿಲ್ಲದೆ ಕಲಿತಾಗ ಆ ಕ್ರಮಕ್ಕೆ ಅಂಥ ಮೇಲ್ಮೆ ಉಳಿಯಲಿಲ್ಲ. ೧೯೯೯ರಲ್ಲಿ ಲಿಪಿಂಗ್ ಮಾ ಎಂಬ ವಿದುಷಿಯು ೨೩ ಅಮೆರಿಕನ್ ಮತ್ತು ೭೨ ಚೀನೀ ಶಿಕ್ಷಕರನ್ನು ಹೋಲಿಸಿ ಬರೆದ ಗ್ರಂಥದಲ್ಲಿ ಇನ್ನೊಂದಂಶ ಹೊರಬಿತ್ತು. ಅಮೆರಿಕನ್ ಶಿಕ್ಷಕರು ಹೆಚ್ಚಾಗಿ ಎರವಲಿನ ಮಾತನ್ನಾಡಿದರೆ, ಚೀನೀ ಶಿಕ್ಷಕರಲ್ಲಿ ಅನೇಕರು ಮೇಲಿನ ಸ್ಥಾನದ ಒಂದನ್ನು ಬಿಡಿಸುವುದೆಂದು ಹೇಳಿದರು. ಪದದ ಆಯ್ಕೆಯಲ್ಲಿಯೇ ತಿಳಿವಳಿಕೆಯ ಅಂತರವು ಕಾಣಿಸಿಕೊಂಡಿತು.

ಹತ್ತನ್ನು ಒಡೆಯುವ ಕ್ರಮದಲ್ಲಿ ಸಾಲವೂ ಇಲ್ಲ, ತೀರಿಕೆಯೂ ಇಲ್ಲ. ಐವತ್ತೆರಡು ಎಂಬುದು ನಾಲ್ಕು ಹತ್ತು, ಹನ್ನೆರಡು ಬಿಡಿಯೆಂದು ರೂಪಾಂತರ ಹೊಂದುವುದು. ಅದರ ಮೊತ್ತದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಸಾಲವೆಂದು ಕೇಳಿದ ಮಗುವು ‘ಹಿಂದಿರುಗಿಸುವುದು ಯಾವಾಗ?’ ಎಂದು ಪ್ರಶ್ನಿಸಿದರೆ ಆ ಪ್ರಶ್ನೆ ನ್ಯಾಯವಾದುದೇ. ಉತ್ತರವಿಲ್ಲದುದು ನಮ್ಮ ಮಾತಿನ ದೋಷ.

ಈ ದೋಷವನ್ನು ನೀಗಲು ಕನ್ನಡವು ಬೇರೆಲ್ಲಿಗೂ ಹೋಗಬೇಕಾಗಿಲ್ಲ. ಏಕಸ್ಥಾನಕ್ಕೆ ನಮ್ಮಲ್ಲಿ ‘ಬಿಡಿ’ಯೆಂದೇ ಹೆಸರು. ಕಟ್ಟಿದ ಹತ್ತನ್ನು ಬಿಡಿಸಿದರೆ ಬಿಡಿಗಳಾಗುತ್ತವೆ. ಕ್ರಿಯೆಯ ಹೇತುವೆಲ್ಲ ಆ ಒಂದು ಪದದಲ್ಲಿ ಅಡಗಿದೆ. ಮುಂಬಯಿ, ಪುಣೆಗಳ ಮರಾಠಿ ಶಾಲೆಗಳಲ್ಲಿ ‘ಹಾತಚಾ’, ಎಂದರೆ ಕೈಯಲ್ಲಿನದು, ಎಂಬ ಮಾತನ್ನು ಕೇಳಿಬರುವ, ಆಂಗ್ಲ ಶಾಲೆಗಳಲ್ಲಿ ‘ಬಾರೋ’ ಎಂಬುದನ್ನು ಕೇಳಿಬರುವ ನಮ್ಮ ಮಕ್ಕಳಿಗೆ ಮನೆಯಲ್ಲಿ ತಾಯ್ತಂದೆಯರು ಹತ್ತು ಕಡ್ಡಿಗಳ ಕಟ್ಟೊಂದನ್ನು ಕೊಟ್ಟು ‘ಇದನ್ನು ಬಿಡಿಸು’ ಎಂದರೆ ಸಾಕು. ಸೂರ್ಯದಾಸನು ಹೇಳಿದ ಹೇತುವು ಮಗುವಿನ ಕೈಗೇ ಎಟುಕುವುದು.