ಅಮೆರಿಕದ ವನ್ಯಜೀವಿ ಅನುದಾನಗಳು: ಒಂದು ಚಾರಿತ್ರಿಕ ಅವಲೋಕನ

1914ನೆಯ ಇಸವಿ ಸೆಪ್ಟೆಂಬರ್ 1ರಂದು ಅಮೆರಿಕ ಸಂಯುಕ್ತ ಸಂಸ್ಥಾನದ ಸಿನ್ಸಿನಾಟಿ ನಗರದ ಮೃಗಾಲಯದಲ್ಲಿ ಮಾರ್ಥಾ ಎಂಬ ಹೆಸರಿನ ಹೆಣ್ಣು ಪಾರಿವಾಳವೊಂದು ಸತ್ತಿತು. ಪ್ಯಾಸೆಂಜರ್ ಪಾರಿವಾಳ ಎಂದು ಕರೆಯುತ್ತಿದ್ದ ಆ ಜಾತಿಯ ಕಟ್ಟಕಡೆಯ ಹಕ್ಕಿ ಅದು. ಅದಕ್ಕೆ ಕೇವಲ ಐವತ್ತು ವರ್ಷಗಳ ಹಿಂದೆ ಆ ಹಕ್ಕಿಗಳ ಹಿಂಡು ಆಕಾಶದಲ್ಲಿ ಸಾಗುವಾಗ ಗಂಟೆಗಟ್ಟಲೆ ಸೂರ್ಯನೇ ಮರೆಯಾಗುತ್ತಿದ್ದನೆಂದು ಕಣ್ಣಾರೆ ಕಂಡವರು ಬರೆದಿಟ್ಟಿದ್ದಾರೆ. ಅಂತಹ ಸಂತತಿಯನ್ನು ನಾಶಗೊಳಿಸಿದ್ದು ಕ್ಷಾಮವಲ್ಲ, ರೋಗವೂ ಅಲ್ಲ, ಪೇಟೆಯ ಧಾರಣೆ. ಹಕ್ಕಿಗಳು ಎಲ್ಲಿ ಗೂಡು ಕಟ್ಟಿವೆ ಎಂಬ ಸುದ್ದಿಯನ್ನು ತಂತಿಯು ಬೇಟೆಗಾರರಿಗೆ ಮುಟ್ಟಿಸಿತು. ಕೊಂದ ಹಕ್ಕಿಗಳನ್ನು ಪೀಪಾಯಿಗಳಲ್ಲಿ ತುಂಬಿ ರೈಲು ಪಟ್ಟಣಗಳಿಗೆ ಸಾಗಿಸಿತು.

ಬೈಸನ್ ಎಂಬ ಕಾಡುದನದ ಗತಿಯೂ ಇದೇ ಆಯಿತು. ಕೋಟಿಗಳಲ್ಲಿ ಎಣಿಸುತ್ತಿದ್ದ ಆ ಪ್ರಾಣಿ ಚರ್ಮದ ವ್ಯಾಪಾರದ ದೆಸೆಯಿಂದ 1880ರ ದಶಕದ ಅಂತ್ಯಕ್ಕೆ ಸಾವಿರದ ಆಸುಪಾಸಿಗೆ ಇಳಿಯಿತು. ಸ್ತ್ರೀಯರ ಟೋಪಿಗಳ ಅಲಂಕಾರಕ್ಕಾಗಿ ಬೆಳ್ಳಕ್ಕಿಗಳನ್ನು ಗೂಡಿನ ಮೇಲೆಯೇ ಕೊಂದು ಗರಿ ಕಿತ್ತರು. ಆದುದರಿಂದ ಆ ದೇಶದಲ್ಲಿ ವನ್ಯಜೀವಿಗಳ ರಕ್ಷಣೆಗಾಗಿ ಹುಟ್ಟಿದ ಮೊದಲ ದೊಡ್ಡ ಶಾಸನವು ವ್ಯಾಪಾರಕ್ಕೇ ಕೈಹಾಕಿದ್ದು ಆಶ್ಚರ್ಯವಲ್ಲ. ಅಯೋವಾ ಪ್ರಾಂತದ ಪ್ರತಿನಿಧಿ ಜಾನ್ ಲೇಸಿಯ ಹೆಸರಿನಿಂದ ಪ್ರಸಿದ್ಧವಾದ 1900ರ ಕಾನೂನು, ಒಂದು ಸಂಸ್ಥಾನದಲ್ಲಿ ಅಕ್ರಮವಾಗಿ ಕೊಂದ ಪ್ರಾಣಿಯನ್ನು ಇನ್ನೊಂದು ಸಂಸ್ಥಾನಕ್ಕೆ ಸಾಗಿಸಿ ಮಾರುವುದನ್ನು ಅಪರಾಧವೆಂದು ಸಾರಿತು.

ನಿಷೇಧಿಸುವುದು ಸುಲಭ, ಪಾಲಿಸುವುದಕ್ಕೆ ದ್ರವ್ಯ ಬೇಕು. 1903ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್ವೆಲ್ಟ್ ಫ್ಲಾರಿಡಾದ ಪೆಲಿಕನ್ ದ್ವೀಪವನ್ನು ಪಕ್ಷಿಗಳ ಆಶ್ರಯಸ್ಥಾನವೆಂದು ಘೋಷಿಸಿದನು. ಕೇಂದ್ರ ಸರ್ಕಾರ ಹೀಗೆ ಕಾದಿರಿಸಿದ ಪ್ರಥಮ ಪಕ್ಷಿಧಾಮ ಅದು. ಅದರ ಕಾವಲಿಗೆ ಪಾಲ್ ಕ್ರೋಗೆಲ್ ಎಂಬಾತನು ನೇಮಕಗೊಂಡನು. ಆದರೆ ಕಾವಲುಗಾರನಿಗೆ ಸಂಬಳ ಕೊಡಲು ಸರ್ಕಾರದ ಬೊಕ್ಕಸದಲ್ಲಿ ಯಾವ ಬಾಬ್ತೂ ಇರಲಿಲ್ಲ! ಪಕ್ಷಿಪ್ರಿಯರ ಸಂಘವು ಅವನಿಗೆ ತಿಂಗಳಿಗೆ ಒಂದು ಡಾಲರಿನಂತೆ ಕೊಟ್ಟಿತು. ಅರಸನ ಅಪ್ಪಣೆ ಇದ್ದು ಭಂಡಾರದ ಚೀಟಿ ಇಲ್ಲದ ಸ್ಥಿತಿ ಮುಂದೆ ಮೂವತ್ತು ವರ್ಷ ಹಾಗೆಯೇ ನಡೆಯಿತು.

ಈ ನಡುವೆ ಇನ್ನೊಂದು ಕೇಡು ಬೆಳೆಯುತ್ತಿತ್ತು. ಬಂದೂಕನ್ನು ತಡೆದರೆ ಸಾಲದು, ಹಕ್ಕಿಗೆ ನೀರು ಬೇಕು ಎಂಬುದು ತಡವಾಗಿ ಅರಿವಾಯಿತು. ಉತ್ತರದ ಕಾಡುಬಾತುಗಳು ಮರಿಮಾಡುವ ಜೌಗುಭೂಮಿಗಳನ್ನು ರೈತರು ಕಾಲುವೆ ತೋಡಿ ಬಸಿದು ಗೋಧಿ ಬಿತ್ತುತ್ತಿದ್ದರು. ಕೆನಡಾದ ಪರವಾಗಿ ಬ್ರಿಟನ್ನಿನೊಡನೆ 1916ರಲ್ಲಿ ವಲಸೆಹಕ್ಕಿಗಳ ಒಡಂಬಡಿಕೆಯಾಯಿತು. 1918ರಲ್ಲಿ ಅದಕ್ಕೆ ಶಾಸನದ ಬಲ ಬಂದಿತು. 1929ರಲ್ಲಿ ಹಕ್ಕಿಗಳಿಗಾಗಿ ಭೂಮಿಯನ್ನೇ ಖರೀದಿಸಲು ಇನ್ನೊಂದು ಕಾನೂನು ಅಧಿಕಾರ ಕೊಟ್ಟಿತು. ಆದರೆ ಈ ಖರೀದಿಗೆ ಶಾಶ್ವತವಾದ ಆದಾಯಮೂಲವನ್ನು ಆ ಕಾನೂನು ತೋರಿಸಲಿಲ್ಲ. ಅದೇ ವರ್ಷ ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತು. ಅದರ ಹಿಂದೆಯೇ ಮಳೆಯಿಲ್ಲದ ವರ್ಷಗಳು ಬಂದವು. ಬಯಲುಸೀಮೆಯ ಹೊಲಗಳ ಮಣ್ಣು ಧೂಳಿನ ಮೋಡವಾಗಿ ಎದ್ದಿತು, ಕೊಳಗಳು ಒಣಗಿದವು, ಬಾತುಗಳ ಸಂಖ್ಯೆ ತೀರ ಕೆಳಗಿಳಿಯಿತು.

ಇಂತಹ ಕಾಲದಲ್ಲಿ ಮುಂದೆ ಬಂದವನು ಜೇ ನಾರ್ವುಡ್ ಡಾರ್ಲಿಂಗ್. ಅವನು ವೃತ್ತಿಯಿಂದ ವ್ಯಂಗ್ಯಚಿತ್ರಕಾರ. ಪಕ್ಷದಿಂದ ರಿಪಬ್ಲಿಕನ್ನನು, ಅಧ್ಯಕ್ಷ ಫ್ರಾಂಕ್ಲಿನ್ ರೂಸ್ವೆಲ್ಟನ ನೀತಿಗಳನ್ನು ತನ್ನ ಚಿತ್ರಗಳಲ್ಲಿ ಹಂಗಿಸುತ್ತಿದ್ದವನು. ಅಂತಹವನನ್ನೇ ರೂಸ್ವೆಲ್ಟ್ 1934ರ ಮಾರ್ಚಿಯಲ್ಲಿ ಜೀವಸಮೀಕ್ಷೆಯ ಇಲಾಖೆಗೆ ಮುಖ್ಯಸ್ಥನನ್ನಾಗಿ ಮಾಡಿದುದು ಆ ಅಧ್ಯಕ್ಷನ ಜಾಣತನಕ್ಕೆ ಸಾಕ್ಷಿ. ಅದೇ ತಿಂಗಳ 16ರಂದು ಬಾತುಚೀಟಿಯ ಕಾನೂನಿಗೆ ಅಂಕಿತ ಬಿದ್ದಿತು. ಹದಿನಾರು ವರ್ಷ ಮೀರಿದ, ಕಾಡುಬಾತುಗಳ ಬೇಟೆಯಾಡುವ ಪ್ರತಿಯೊಬ್ಬನೂ ವರ್ಷಕ್ಕೊಂದು ಡಾಲರ್ ತೆತ್ತು ಅಂಚೆ ಕಚೇರಿಯಿಂದ ಒಂದು ಚೀಟಿ ಕೊಳ್ಳಬೇಕು; ಆ ಹಣ ಜೌಗುಭೂಮಿಯ ಖರೀದಿಗೇ ಮೀಸಲು. ಮೊದಲ ಚೀಟಿಯ ಚಿತ್ರವನ್ನು ಡಾರ್ಲಿಂಗನೇ ಬರೆದನು: ನೀರಿಗೆ ಇಳಿಯುತ್ತಿರುವ ಜೋಡಿ ಬಾತುಗಳು. ಮೊದಲ ವರ್ಷ 6,35,001 ಚೀಟಿಗಳು ಮಾರಾಟವಾದವು. ಚೀಟಿಯ ಬೆಲೆ ಕಾಲಕಾಲಕ್ಕೆ ಏರಿ 2015ರಲ್ಲಿ 25 ಡಾಲರ್ ಆಯಿತು. ಒಟ್ಟು ಸಂಗ್ರಹ 100 ಕೋಟಿ ಡಾಲರುಗಳನ್ನು ಮೀರಿದೆ. ಆ ಹಣದಿಂದ ಕ್ರಯಕ್ಕೆ ಕೊಂಡ ಅಥವಾ ಕರಾರಿನಿಂದ ಕಾಪಾಡಿದ ಭೂಮಿ ಸುಮಾರು 60 ಲಕ್ಷ ಎಕರೆ.

ಕೊಲ್ಲುವವನಿಂದಲೇ ಕಾಯುವ ಹಣವನ್ನು ಪಡೆಯುವುದು ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ವಾಚಕರ ಮನಸ್ಸಿಗೆ ಒಗ್ಗದ ಸಂಗತಿ. ಒಗ್ಗಬೇಕಾದ ಅಗತ್ಯವೂ ಇಲ್ಲ. ಇದನ್ನು ಅಭಯದಾನವೆಂದು ಕರೆದರೆ ಆ ಮಾತಿನ ಬೆಲೆ ಕಡಿಮೆಯಾಗುತ್ತದೆ. ದಾನವು ಸ್ವೇಚ್ಛೆಯಿಂದ ಕೊಡತಕ್ಕದ್ದು. ಇದಾದರೋ ತೆರದಿದ್ದರೆ ದಂಡ ಬೀಳುವ ಸುಂಕ. ಆದರೆ ಇತಿಹಾಸ ಬರೆಯುವವರು ಲೆಕ್ಕವನ್ನು ಇದ್ದಂತೆ ಹೇಳಬೇಕು. ಆ ದೇಶದಲ್ಲಿ ಬೇಟೆ ಮೊದಲೇ ಇದ್ದಿತು, ನಿಲ್ಲುವ ಲಕ್ಷಣವಿರಲಿಲ್ಲ. ಕೆರೆ ಕೊಳಗಳಿಗೆ ಬೇರೆ ಯಾರೂ ಕಾಸು ಬಿಚ್ಚಲಿಲ್ಲ.

1936ರ ಫೆಬ್ರವರಿಯಲ್ಲಿ ವಾಷಿಂಗ್ಟನ್ನಿನಲ್ಲಿ ದೇಶದ ನಾನಾ ಭಾಗಗಳ ವನ್ಯಜೀವಿ ಹಿತೈಷಿಗಳ ದೊಡ್ಡ ಸಮ್ಮೇಳನ ಸೇರಿತು. ಅದರ ಮರುವರ್ಷ, 1937ರ ಸೆಪ್ಟೆಂಬರ್ 2ರಂದು, ವನ್ಯಜೀವಿ ಪುನರುದ್ಧಾರ ಶಾಸನಕ್ಕೆ ರೂಸ್ವೆಲ್ಟ್ ರುಜು ಹಾಕಿದನು. ನೆವಾಡಾದ ಸೆನೆಟ್ ಸದಸ್ಯ ಕೀ ಪಿಟ್‌ಮನ್ ಮತ್ತು ವರ್ಜೀನಿಯಾದ ಪ್ರತಿನಿಧಿ ವಿಲ್ಲಿಸ್ ರಾಬರ್ಟ್‌ಸನ್ ಇವರ ಹೆಸರಿನಿಂದ ಅದನ್ನು ಕರೆಯುವುದು ವಾಡಿಕೆ. ಇದರಲ್ಲಿ ಹೊಸ ಕರ ಏನೂ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಬೇಟೆಯ ಬಂದೂಕು ಮತ್ತು ತೋಟಾಗಳ ಮೇಲೆ ತಯಾರಕರು ತೆರುವ ಶೇಕಡ 10ರ ಸುಂಕ 1932ರಿಂದಲೇ ಜಾರಿಯಲ್ಲಿದ್ದಿತು. ಅದು ಸರ್ಕಾರದ ಸಾಮಾನ್ಯ ಬೊಕ್ಕಸಕ್ಕೆ ಸೇರಿ ಕರಗಿಹೋಗುತ್ತಿತ್ತು. ಅದನ್ನು ಪ್ರತ್ಯೇಕ ಖಾತೆಗೆ ತಿರುಗಿಸಿದ್ದೇ ಈ ಶಾಸನದ ಕಾರ್ಯ. ಮುಂದೆ ಸುಂಕವು ಶೇಕಡ 11 ಆಯಿತು.

ಖಾತೆಯಿಂದ ಹಣ ಹಂಚುವ ಕ್ರಮವೂ ವಿಚಾರಪೂರ್ಣವಾಗಿದೆ. ಅರ್ಧ ಪಾಲು ಸಂಸ್ಥಾನದ ವಿಸ್ತೀರ್ಣವನ್ನು ನೋಡಿ, ಇನ್ನರ್ಧ ಅಲ್ಲಿ ಬೇಟೆಯ ಪರವಾನಗಿ ಪಡೆದವರ ಸಂಖ್ಯೆಯನ್ನು ನೋಡಿ. ಯಾವ ಸಂಸ್ಥಾನಕ್ಕೂ ಶೇಕಡ 5ಕ್ಕಿಂತ ಹೆಚ್ಚಿಲ್ಲ, ಅರ್ಧಕ್ಕಿಂತ ಕಡಿಮೆಯಿಲ್ಲ. ಸಂಸ್ಥಾನವು ಮೊದಲು ತನ್ನ ಕೈಯಿಂದ ಖರ್ಚು ಮಾಡಿ, ಲೆಕ್ಕ ಒಪ್ಪಿಸಿದ ಮೇಲೆ ನೂರಕ್ಕೆ 75 ವಾಪಸು ಪಡೆಯಬೇಕು. 25 ಅದರ ಸ್ವಂತದ್ದು. ತನ್ನ ಗಂಟು ಕಾಲುಭಾಗವಾದರೂ ಸೇರಿದ್ದರೆ ಕೆಲಸದ ಮೇಲೆ ಕಣ್ಣಿರುತ್ತದೆಂಬುದು ಅಂಗಡಿ ನಡೆಸಿದ ಯಾರಿಗೂ ತಿಳಿದ ವಿಷಯ.

ಆದರೂ ಈ ಶಾಸನದ ಜೀವ ಇರುವುದು ದರದಲ್ಲಲ್ಲ, ಹಂಚಿಕೆಯಲ್ಲೂ ಅಲ್ಲ. ರಾಬರ್ಟ್‌ಸನ್ ಸೇರಿಸಿದ ಒಂದು ಚಿಕ್ಕ ವಾಕ್ಯದಲ್ಲಿ. ಅವನು ಹಿಂದೆ ವರ್ಜೀನಿಯಾದ ಬೇಟೆ ಮತ್ತು ಮೀನುಗಾರಿಕೆಯ ಮಂಡಲಿಗೆ ಅಧ್ಯಕ್ಷನಾಗಿದ್ದವನು. ಬೇಟೆಗಾರರಿಂದ ವಸೂಲಾದ ಪರವಾನಗಿ ಹಣವನ್ನು ಶಾಸನಸಭೆಗಳು ಬೇರೆ ಬೇರೆ ಬಾಬುಗಳಿಗೆ ಎತ್ತಿಕೊಳ್ಳುತ್ತಿದ್ದುದು ಅವನಿಗೆ ಗೊತ್ತಿತ್ತು. ಆದುದರಿಂದ ಅವನು ಹಾಕಿಸಿದ ಷರತ್ತು ಇದು: ಪರವಾನಗಿ ಶುಲ್ಕವನ್ನು ತನ್ನ ವನ್ಯಜೀವಿ ಇಲಾಖೆಯ ಕೆಲಸವೊಂದಕ್ಕಲ್ಲದೆ ಬೇರೆಲ್ಲಿಗೂ ತಿರುಗಿಸುವುದಿಲ್ಲವೆಂದು ಯಾವ ಸಂಸ್ಥಾನ ತನ್ನ ಕಾನೂನಿನಲ್ಲೇ ಬರೆದುಕೊಳ್ಳುವುದೋ ಅದಕ್ಕೆ ಮಾತ್ರ ಅನುದಾನ, ಮಾತು ತಪ್ಪಿದರೆ ಅನುದಾನ ನಿಲ್ಲುತ್ತದೆ.

ಕನ್ನಡ ನಾಡಿನ ಬಸದಿಗಳ ಅಂಗಳದಲ್ಲಿ ನಿಂತಿರುವ ದಾನಶಾಸನಗಳನ್ನು ಓದಿದವರಿಗೆ ಇದು ಅಪರಿಚಿತವಲ್ಲ. ಭೂಮಿಯ ಎಲ್ಲೆ, ತೆರಿಗೆಯ ವಿವರ, ಪೂಜೆ ಮತ್ತು ಆಹಾರದಾನದ ಕಟ್ಟಳೆ ಎಲ್ಲವನ್ನೂ ಕೆತ್ತಿಸಿದ ನಂತರ ಕಲ್ಲಿನ ಕೊನೆಯಲ್ಲಿ ಶಾಪಾಶಯವಿರುತ್ತದೆ: ಈ ಧರ್ಮವನ್ನು ಕೆಡಿಸಿದವನು ವಾರಣಾಸಿಯಲ್ಲಿ ಕಪಿಲೆಗಳನ್ನು ಕೊಂದ ಪಾಪಕ್ಕೆ ಹೋಗುವನೆಂಬ ಅರ್ಥದ ಮಾತುಗಳು. ದತ್ತಿ ಕೊಟ್ಟವರಿಗೆ ಮುಂದಿನವರ ಕೈಯ ಮೇಲಿದ್ದ ಸಂಶಯ ಅದರಲ್ಲಿ ಕಾಣುತ್ತದೆ. ರಾಬರ್ಟ್‌ಸನ್ನನಿಗೂ ಅದೇ ಸಂಶಯವಿತ್ತು. ಪರಲೋಕದ ಭಯವನ್ನು ತೋರಿಸುವ ಬದಲು ಅವನು ಮುಂದಿನ ವರ್ಷದ ಕಂತನ್ನು ತಡೆಹಿಡಿದನು, ಅಷ್ಟೇ ಭೇದ.

ಕೇಂದ್ರದ ಕಾಂಗ್ರೆಸ್ಸು ಮಾತ್ರ ತನಗೆ ತಾನು ಆ ಕಟ್ಟನ್ನು ಹಾಕಿಕೊಂಡಿರಲಿಲ್ಲ. ಮೊದಲ ವರ್ಷಕ್ಕೆ ಅದು ಮಂಜೂರು ಮಾಡಿದ್ದು ಸುಮಾರು 10 ಲಕ್ಷ ಡಾಲರ್. ಸುಂಕದಿಂದ ವಸೂಲಾದದ್ದು ಅದಕ್ಕಿಂತ ಹೆಚ್ಚು. ವಸೂಲಾದುದೆಲ್ಲ ತಾನಾಗಿಯೇ ಖಾತೆಗೆ ಸಲ್ಲುವ ವ್ಯವಸ್ಥೆ 1950ರ ದಶಕದ ಆರಂಭದಲ್ಲಷ್ಟೇ ಆಯಿತು.

ಮೊದಲ ಕೆಲಸಗಳಲ್ಲಿ ಯೂಟಾ ಪ್ರಾಂತದ ಆಗ್ಡನ್ ಕೊಲ್ಲಿಯದು ಹೆಸರಾದದ್ದು. ಅಲ್ಲಿ ವೀಬರ್ ನದಿಯು ಮಹಾ ಉಪ್ಪುಸರೋವರವನ್ನು ಸೇರುವ ಮುಖದಲ್ಲಿ ಒಡ್ಡು ಕಟ್ಟಿ ಸಿಹಿನೀರನ್ನು ನಿಲ್ಲಿಸಿ ಜಲಪಕ್ಷಿಗಳಿಗೆ ಜೌಗನ್ನು ಮರಳಿ ತಂದರು.

ಎಲ್ಲವೂ ಮೊದಲ ಯತ್ನಕ್ಕೆ ಫಲಿಸಲಿಲ್ಲ. ಕಾಡು ಟರ್ಕಿಕೋಳಿಯ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ಅಳಿದುಹೋಗುತ್ತಿದ್ದ ಈ ಕೋಳಿಯನ್ನು ಗೂಡುಗಳಲ್ಲಿ ಸಾಕಿ ಬೆಳೆಸಿ ಕಾಡಿಗೆ ಬಿಡುವುದಕ್ಕೆ ಸಂಸ್ಥಾನಗಳು ವರ್ಷಾನುವರ್ಷ ಹಣ ಸುರಿದವು. ತಾಯಿಯ ಹಿಂದೆ ಓಡಾಡಿ ಕಲಿಯದ ಆ ಮರಿಗಳು ನರಿಗೆ ಹೆದರುವುದನ್ನೇ ಅರಿಯದೆ ಸತ್ತುಹೋದವು. ಕೊನೆಗೆ ಕಾಡಿನಲ್ಲೇ ಹುಟ್ಟಿದ ಕೋಳಿಗಳನ್ನು ಹಿಡಿದು ಬೇರೆ ಕಾಡಿಗೆ ಒಯ್ದು ಬಿಡುವ ಮಾರ್ಗ ಹೊಳೆಯಿತು. ಆದರೆ ಅಷ್ಟು ಚುರುಕಾದ ಹಕ್ಕಿಯನ್ನು ಹಿಡಿಯುವುದು ಹೇಗೆ? 1950ರ ದಶಕದಲ್ಲಿ, ಕಾಳು ಚೆಲ್ಲಿದ ಜಾಗದ ಮೇಲೆ ಚಿಕ್ಕ ಫಿರಂಗಿಗಳಿಂದ ದೊಡ್ಡ ಬಲೆಯನ್ನು ಹಾರಿಸುವ ಉಪಾಯ ಬಳಕೆಗೆ ಬಂದಿತು. ಫಿರಂಗಿಯೂ ಒಮ್ಮೆ ಜೀವ ಉಳಿಸುವ ಕೆಲಸಕ್ಕೆ ಬಂದಿತೆನ್ನಬೇಕು. ಈಗ ಆ ದೇಶದಲ್ಲಿ ಕಾಡು ಟರ್ಕಿಗಳ ಸಂಖ್ಯೆ ಸುಮಾರು 60 ಲಕ್ಷವೆಂದು ಅಂದಾಜು. ಬಿಳಿಬಾಲದ ಜಿಂಕೆ 1900ರ ಸುಮಾರಿಗೆ 5 ಲಕ್ಷಕ್ಕೆ ಇಳಿದಿದ್ದುದು ಈಗ 3 ಕೋಟಿಯ ಸಮೀಪದಲ್ಲಿದೆ. ಕೆಲವು ಪ್ರಾಂತಗಳಲ್ಲಿ ಅದು ಬೆಳೆ ಮೇಯುವುದೂ ಹೆದ್ದಾರಿಯಲ್ಲಿ ಕಾರುಗಳಿಗೆ ಸಿಕ್ಕುವುದೂ ಈಗಿನ ದೂರು. 1950ರಲ್ಲಿ ಮೀನು ಹಿಡಿಯುವ ಸಲಕರಣೆಗಳಿಗೂ ಇದೇ ಮಾದರಿಯ ಶಾಸನವಾಯಿತು.

ಈ ಏರ್ಪಾಡಿನ ನ್ಯೂನತೆಯು ಅದರ ಗುಣದಲ್ಲೇ ಅಡಗಿದೆ. ಯಾವ ಪ್ರಾಣಿಗೆ ಬೇಟೆಗಾರನಿದ್ದನೋ ಅದಕ್ಕೆ ಖಾತೆ ಇದ್ದಿತು. ಹಾಡುವ ಗುಬ್ಬಚ್ಚಿಗೆ, ಕಪ್ಪೆಗೆ, ಚಿಟ್ಟೆಗೆ ತೆರುವವರು ಯಾರು? 2019ರಲ್ಲಿ ಉತ್ತರ ಅಮೆರಿಕದ ಪಕ್ಷಿಗಳ ದೀರ್ಘಕಾಲದ ಎಣಿಕೆಗಳನ್ನು ಒಟ್ಟುಗೂಡಿಸಿದ ವಿಜ್ಞಾನಿಗಳು, 1970ರಿಂದೀಚೆಗೆ ಆ ಖಂಡವು ಸುಮಾರು 290 ಕೋಟಿ ಹಕ್ಕಿಗಳನ್ನು ಕಳೆದುಕೊಂಡಿದೆಯೆಂದು ಪ್ರಕಟಿಸಿದರು. ಹುಲ್ಲುಗಾವಲಿನ ಹಕ್ಕಿಗಳು ಅರ್ಧಕ್ಕಿಂತ ಹೆಚ್ಚು ನಷ್ಟವಾಗಿದ್ದವು. ಅದೇ ಅವಧಿಯಲ್ಲಿ ಬಾತು ಮತ್ತು ಹೆಬ್ಬಾತುಗಳ ವರ್ಗವು ಮಾತ್ರ ಶೇಕಡ 50ಕ್ಕೂ ಮಿಗಿಲಾಗಿ ಹೆಚ್ಚಿತ್ತು. ಒಂದೇ ಆಕಾಶದಲ್ಲಿ ಹಾರುವ ಎರಡು ಕುಲಗಳ ಗತಿ ಹೀಗೆ ಬೇರೆಯಾದುದಕ್ಕೆ ಹುಲ್ಲುಗಾವಲುಗಳು ಹೊಲಗಳಾದುದು ಒಂದು ಕಾರಣ; ಜೌಗುಭೂಮಿಯನ್ನು ಕೊಳ್ಳಲು ಎಂಬತ್ತು ವರ್ಷ ತಪ್ಪದೆ ಹಣ ಬರುತ್ತಿದ್ದುದು ಇನ್ನೊಂದು.

ಖಾತೆಯ ಮೂಲವೂ ಮೆಲ್ಲಗೆ ಬದಲಾಗಿದೆ. 1970ರಲ್ಲಿ ಪಿಸ್ತೂಲುಗಳ ಮೇಲಿನ ಸುಂಕವನ್ನೂ 1972ರ ಶಾಸನದಿಂದ ಬಿಲ್ಲು ಬಾಣಗಳ ಮೇಲಿನ ಸುಂಕವನ್ನೂ ಇದಕ್ಕೆ ಸೇರಿಸಲಾಯಿತು. ಬೇಟೆಗಾರರ ಸಂಖ್ಯೆ 1991ರಲ್ಲಿ 1 ಕೋಟಿ 40 ಲಕ್ಷವಿದ್ದುದು 2016ಕ್ಕೆ 1 ಕೋಟಿ 15 ಲಕ್ಷಕ್ಕೆ ಇಳಿಯಿತು. ಆದರೆ ಮನುಷ್ಯರು ಮನುಷ್ಯರಿಗೆ ಹೆದರಿ ಕೊಳ್ಳುವ ಆಯುಧಗಳ ಮಾರಾಟ ಏರಿದ್ದರಿಂದ, ಹಿಂದಿನ ಕೆಲವು ವರ್ಷಗಳಲ್ಲಿ ಸಂಸ್ಥಾನಗಳಿಗೆ ಹಂಚಿದ ಮೊತ್ತ ವರ್ಷಕ್ಕೆ 100 ಕೋಟಿ ಡಾಲರುಗಳನ್ನು ದಾಟಿತು. ಜಮೆಯ ಪುಟ ತುಂಬಿದೆ ಎಂದು ಸಂತೋಷಪಡುವುದಕ್ಕೆ ಇಲ್ಲಿ ಮನಸ್ಸು ಹಿಂದೆಗೆಯುತ್ತದೆ.

ಬೇಟೆಗೆ ಸೇರದ ಜೀವಿಗಳಿಗಾಗಿ 2000ನೆಯ ಇಸವಿಯಲ್ಲಿ ಸಂಸ್ಥಾನಗಳಿಗೆ ಬೇರೊಂದು ಅನುದಾನ ಆರಂಭವಾಯಿತು. ಅದಕ್ಕೆ ಸ್ವಂತ ಸುಂಕವಿಲ್ಲ. ವರ್ಷವರ್ಷವೂ ಕಾಂಗ್ರೆಸ್ಸಿನ ದಯೆಯನ್ನು ಕಾಯಬೇಕು. ಇದನ್ನು ಶಾಶ್ವತಗೊಳಿಸಿ ವರ್ಷಕ್ಕೆ ಸುಮಾರು 130 ಕೋಟಿ ಡಾಲರ್ ಒದಗಿಸುವ ಮಸೂದೆಯೊಂದು 2022ರ ಜೂನ್ 14ರಂದು ಪ್ರತಿನಿಧಿ ಸಭೆಯಲ್ಲಿ 231 ಮತಗಳಿಗೆ 190 ಮತಗಳಂತೆ ಅಂಗೀಕಾರವಾಯಿತು. ಈ ಹಣವನ್ನು ಯಾವ ಬಾಬಿನಿಂದ ತರುವುದೆಂಬ ಪ್ರಶ್ನೆ ಇತ್ಯರ್ಥವಾಗದೆ ಸೆನೆಟ್ಟಿನಲ್ಲಿ ಅದು ಮತಕ್ಕೇ ಬರಲಿಲ್ಲ. ಆ ವರ್ಷದ ಅಧಿವೇಶನ ಮುಗಿದುದರೊಡನೆ ಮಸೂದೆಯೂ ಬಿದ್ದುಹೋಯಿತು.